ಯುದ್ಧ ಟ್ಯಾಂಕಿನ ಗಾಯಗಳು, ಗೋಪುರದ ಮೇಲಿನ ಹೆಸರು

ಅರೆಕೆರೆ, ಹುಳಿಮಾವು, ಬೇಗೂರು ಎಂಬ ಊರುಗಳ ಕೆರೆಗಳನ್ನು ಬ್ರಿಟಿಷರ ಕಾಲದ ಕಡತಗಳು 'ಟ್ಯಾಂಕ್' ಎಂದೇ ಕರೆದವು. ಯುದ್ಧದ ಟ್ಯಾಂಕಿಗೂ ಆ ಹೆಸರು ಬಂದದ್ದು ನೀರಿನಿಂದಲೇ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಈ ಹೊಸ ಯಂತ್ರ ತಯಾರಾಗುತ್ತಿದ್ದಾಗ ಗುಟ್ಟು ಹೊರಬೀಳದಿರಲೆಂದು ಅದನ್ನು ನೀರು ತುಂಬುವ ತೊಟ್ಟಿ ಎಂದು ಹೇಳಲಾಯಿತು. 1916ರಲ್ಲಿ ಯಂತ್ರ ರಣರಂಗಕ್ಕಿಳಿದ ಮೇಲೂ ಹೆಸರು ಬದಲಾಗಲಿಲ್ಲ.

ಬನ್ನೇರುಘಟ್ಟ ರಸ್ತೆಯ ಅರೆಕೆರೆ ಗೇಟಿನಲ್ಲಿ ಸಿಗ್ನಲ್‌ಗಾಗಿ ನಿಂತಾಗ ಮುಂದಿರುವ ಆಟೋಗಳ ಬೆನ್ನನ್ನು ಓದುವುದು ನಿಮಗೂ ಅಭ್ಯಾಸವಿರಬಹುದು. ಮನೆದೇವರ ಹೆಸರು, ಮಗಳ ಹೆಸರು, ಅಮ್ಮನ ಆಶೀರ್ವಾದ, ರಾಜ್‌ಕುಮಾರ್ ಚಿತ್ರ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಸಾವಿರಾರು ವಾಹನಗಳಲ್ಲಿ 'ಇದು ನನ್ನದು' ಎಂದು ಗುರುತು ಹಾಕುವ ಬಯಕೆ ಅದು. ಟ್ಯಾಂಕಿನೊಳಗೆ ಕೂರುವ ಸೈನಿಕರೂ ಇದನ್ನೇ ಮಾಡುತ್ತಾರೆ. ಆದರೆ ಆಟೋದ ಮೇಲಿನ ಗೀರು ಗ್ಯಾರೇಜಿಗೆ ಹೋದರೆ ಮುಗಿಯಿತು. ಟ್ಯಾಂಕಿನ ಮೇಲಿನ ಗುರುತಿನ ಹಿಂದೆ ಒಬ್ಬ ಮನುಷ್ಯನ ಆಸನವಿರುತ್ತದೆ. ಈ ಲೇಖನದಲ್ಲಿ ಎರಡನ್ನೂ ನೋಡೋಣ: ಟ್ಯಾಂಕಿಗೆ ಪೆಟ್ಟು ಬಿದ್ದಾಗ ಉಕ್ಕಿನೊಳಗೆ ನಡೆಯುವುದೇನು, ಮತ್ತು ಅದರ ಮೈಮೇಲೆ ಸೈನಿಕರು ಬರೆಯುವುದೇನು.

ಮಡಿಕೇರಿಯಲ್ಲಿರುವ ಟ್ಯಾಂಕ್

ಟ್ಯಾಂಕನ್ನು ಮುಟ್ಟಿ ನೋಡಬೇಕೆಂದರೆ ದೆಹಲಿಗೆ ಹೋಗಬೇಕಿಲ್ಲ. ಜನರಲ್ ಕೆ.ಎಸ್. ತಿಮ್ಮಯ್ಯನವರ ಮಡಿಕೇರಿಯ ಮನೆ 'ಸನ್ನಿ ಸೈಡ್' 2021ರ ಫೆಬ್ರವರಿಯಲ್ಲಿ ವಸ್ತು ಸಂಗ್ರಹಾಲಯವಾಯಿತು. ಅದರ ಅಂಗಳದಲ್ಲಿ ರಷ್ಯಾ ಮೂಲದ ಟಿ-55 ಟ್ಯಾಂಕೊಂದು ನಿಂತಿದೆ. ತೂಕ ಸುಮಾರು 36 ಟನ್, ತೋಪಿನ ನಳಿಕೆಯ ಒಳವ್ಯಾಸ 100 ಮಿ.ಮೀ., ಒಳಗೆ ನಾಲ್ಕು ಜನ. 1971ರ ಯುದ್ಧದಲ್ಲಿ ಈ ಮಾದರಿಯ ಟ್ಯಾಂಕುಗಳು ನಮ್ಮ ಸೇನೆಯಲ್ಲಿದ್ದವು.

ತಿಮ್ಮಯ್ಯನವರ ಮನೆಯಂಗಳದಲ್ಲಿ ಟ್ಯಾಂಕ್ ಇರುವುದು ಉಚಿತವೇ. 1948ರ ನವೆಂಬರ್ 1ರಂದು ಸುಮಾರು 3,500 ಮೀಟರ್ ಎತ್ತರದ ಜೋಜಿಲಾ ಕಣಿವೆದಾರಿಯಲ್ಲಿ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ನುಗ್ಗಿಸಿದ ಕಾರ್ಯಾಚರಣೆ ಅವರ ನೇತೃತ್ವದ್ದು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬಂದೀತೆಂದು ಎದುರಾಳಿಗಳು ಎಣಿಸಿರಲಿಲ್ಲ. ದಾರಿಯ ಸೇತುವೆಗಳು ಭಾರ ತಡೆಯಲೆಂದೂ, ಗುಟ್ಟು ಉಳಿಯಲೆಂದೂ ಟ್ಯಾಂಕುಗಳ ಮೇಲ್ಭಾಗದ ತಿರುಗುವ ಗೋಪುರಗಳನ್ನು, ಅಂದರೆ ಟರೆಟ್‌ಗಳನ್ನು, ಬಿಚ್ಚಿ ಬೇರೆಯಾಗಿ ಸಾಗಿಸಲಾಯಿತು. ಬಾಲ್ಟಾಲ್‌ನಿಂದ ಮೇಲಕ್ಕೆ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಬಳಿಯದು.

ಮಡಿಕೇರಿಯ ಟ್ಯಾಂಕಿನ ಮುಂದೆ ನಿಂತಾಗ ಮೊದಲು ಗಮನಿಸಬೇಕಾದ್ದು ತೋಪನ್ನಲ್ಲ, ಮುಂಭಾಗದ ಓರೆಯನ್ನು. ಅಲ್ಲಿಯ ಉಕ್ಕಿನ ಫಲಕದ ದಪ್ಪ 100 ಮಿ.ಮೀ. ಆದರೆ ಅದು ಲಂಬದಿಂದ 60 ಡಿಗ್ರಿ ಹಿಂದಕ್ಕೆ ವಾಲಿದೆ. ಸೌತೆಕಾಯಿಯನ್ನು ನೇರವಾಗಿ ಹೆಚ್ಚಿದರೆ ಚಿಕ್ಕ ಬಿಲ್ಲೆ, ಓರೆಯಾಗಿ ಹೆಚ್ಚಿದರೆ ಉದ್ದನೆಯ ಬಿಲ್ಲೆ ಸಿಗುವುದಿಲ್ಲವೇ? ಹಾಗೆಯೇ ಅಡ್ಡಡ್ಡವಾಗಿ ಬರುವ ಗುಂಡು ಓರೆ ಫಲಕದಲ್ಲಿ ಸಾಗಬೇಕಾದ ದೂರ ಹೆಚ್ಚುತ್ತದೆ. ಲೆಕ್ಕ ಸುಲಭ: 100 ಅನ್ನು 60 ಡಿಗ್ರಿಯ ಕೊಸೈನ್‌ನಿಂದ, ಅಂದರೆ ½ರಿಂದ ಭಾಗಿಸಿ. 200 ಮಿ.ಮೀ. ಬರುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಹುಡುಕುವುದು ಕಷ್ಟ.

ವೇಗದ ಪೆಟ್ಟು

ಟ್ಯಾಂಕನ್ನು ಭೇದಿಸುವ ಗುಂಡುಗಳಲ್ಲಿ ಮೊದಲ ಬಗೆಯದು ಕೇವಲ ತನ್ನ ವೇಗವನ್ನೇ ನಂಬಿದ್ದು. ಅದರಲ್ಲಿ ಸ್ಫೋಟಕವೇ ಇರುವುದಿಲ್ಲ. ಇಂದಿನ ಮಾದರಿಯೆಂದರೆ ಟಂಗ್‌ಸ್ಟನ್ ಮಿಶ್ರಲೋಹದ ತೆಳ್ಳನೆಯ ಉದ್ದ ಸಲಾಕೆ; ಹಿಂದೆ ಬಾಣಕ್ಕಿರುವಂತೆ ರೆಕ್ಕೆಗಳು. ಸಲಾಕೆಯ ರಾಶಿ 5 ಕಿ.ಗ್ರಾಂ, ವೇಗ ಸೆಕೆಂಡಿಗೆ 1,650 ಮೀಟರ್ ಎಂದಿಟ್ಟುಕೊಳ್ಳಿ. ಚಲನಶಕ್ತಿ = ½ × ರಾಶಿ × ವೇಗ² ಎಂಬ ಸೂತ್ರದಿಂದ ಸುಮಾರು 68 ಲಕ್ಷ ಜೂಲ್ ಬರುತ್ತದೆ. ಜನ ತುಂಬಿದ, 16 ಟನ್ ತೂಗುವ ಸಿಟಿ ಬಸ್ಸು ಗಂಟೆಗೆ 105 ಕಿ.ಮೀ. ವೇಗದಲ್ಲಿ ಓಡುವಾಗ ಇರುವಷ್ಟು ಶಕ್ತಿ ಅದು. ಬಸ್ಸು ಗೋಡೆಗೆ ಗುದ್ದಿದರೆ ಆ ಶಕ್ತಿ ಕೆಲವು ಚದರ ಮೀಟರ್‌ಗಳ ಮೇಲೆ ಹಂಚಿಹೋಗುತ್ತದೆ. ಸಲಾಕೆಯಲ್ಲಾದರೋ ಅದೆಲ್ಲ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬೀಳುತ್ತದೆ.

ಇಂಥ ಗುಂಡು ಬಿದ್ದ ಜಾಗವನ್ನು ಗುರುತಿಸುವುದು ಕಷ್ಟವಲ್ಲ. ನಡುವೆ ದುಂಡನೆಯ ತೂತು, ಸುತ್ತ ರೆಕ್ಕೆಗಳು ಕೊರೆದ ಗೀರುಗಳು. ಒಟ್ಟಿನಲ್ಲಿ ನಕ್ಷತ್ರದ ಆಕಾರ. ಹಳೆಯ ಕಾಲದ ಮೊಂಡು ಗುಂಡು ಓರೆ ಫಲಕಕ್ಕೆ ಬಡಿದು ಜಾರಿಹೋಗಿದ್ದರೆ ಬೆಣ್ಣೆಯ ಮೇಲೆ ಬೆರಳು ಎಳೆದಂಥ ಉದ್ದನೆಯ ತೋಡು ಉಳಿಯುತ್ತದೆ. ಆ ತೋಡನ್ನು ಕಂಡರೆ ಒಳಗಿದ್ದವರು ಬದುಕಿದ್ದರು ಎಂದು ಊಹಿಸಬಹುದು, ಕನಿಷ್ಠ ಆ ಪೆಟ್ಟಿನಿಂದಂತೂ.

ವೇಗ ಬೇಡದ ಪೆಟ್ಟು

1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣ್ ಸಮೀಪ ಅಸಲ್ ಉತ್ತರ್‌ನಲ್ಲಿ ನಡೆದ ಕಾಳಗವನ್ನು ನೀವು ಇತಿಹಾಸದ ಪುಸ್ತಕದಲ್ಲಿ ಓದಿರಬಹುದು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಆಗಿನ ಕಾಲಕ್ಕೆ ಹೊಸವು, ಅಮೆರಿಕದಲ್ಲಿ ತಯಾರಾದವು. ನಮ್ಮ ಪಡೆಗಳು ಕಾಲುವೆಯ ನೀರನ್ನು ಹೊಲಗಳಿಗೆ ಹರಿಸಿದವು. ನೆಲ ಕೆಸರಾಗಿ ಭಾರದ ಟ್ಯಾಂಕುಗಳು ಹೂತುಕೊಂಡವು. ಕಬ್ಬಿನ ಗದ್ದೆಗಳ ಮರೆಯಿಂದ ನಮ್ಮ ಸೆಂಚೂರಿಯನ್, ಶರ್ಮನ್ ಟ್ಯಾಂಕುಗಳು ಗುಂಡು ಹಾರಿಸಿದವು. ನಾಶವಾದ, ಸೆರೆಸಿಕ್ಕ ಪಾಕಿಸ್ತಾನಿ ಟ್ಯಾಂಕುಗಳನ್ನು ಭಿಖಿವಿಂಡ್ ಬಳಿ ಸಾಲಾಗಿ ನಿಲ್ಲಿಸಲಾಗಿ ಆ ಜಾಗಕ್ಕೆ ಪ್ಯಾಟನ್ ನಗರವೆಂಬ ಹೆಸರೇ ಬಂತು.

ಅದೇ ಕಾಳಗದಲ್ಲಿ 4 ಗ್ರೆನೇಡಿಯರ್ಸ್‌ನ ಅಬ್ದುಲ್ ಹಮೀದ್ ಒಂದು ಜೀಪಿನ ಮೇಲೆ ಕೂರಿಸಿದ ಹಿಮ್ಮೆಟ್ಟದ ತೋಪಿನಿಂದ ಪ್ಯಾಟನ್‌ಗಳನ್ನು ಹೊಡೆದು ಪ್ರಾಣ ಕೊಟ್ಟರು; ಮರಣೋತ್ತರ ಪರಮವೀರ ಚಕ್ರ ಪಡೆದರು. ಇಲ್ಲಿ ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಒಂದಿದೆ. ಆ ತೋಪಿನ ಗುಂಡಿನ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಮಾತ್ರ. ಬಂದೂಕಿನ ಗುಂಡಿಗಿಂತಲೂ ನಿಧಾನ. ಜೀಪಿನ ಮೇಲೆ ಹೊರಬಹುದಾದ ಆಯುಧ ಅಷ್ಟು ದಪ್ಪದ ಉಕ್ಕನ್ನು ತೂತು ಮಾಡಿದ್ದು ಹೇಗೆ?

ಆ ಗುಂಡಿನೊಳಗೆ ಸ್ಫೋಟಕವಿರುತ್ತದೆ, ಅದರ ಮುಂಭಾಗದಲ್ಲಿ ಆಲಿಕೆಯಂತೆ ಟೊಳ್ಳು ಇರುತ್ತದೆ. ಆ ಟೊಳ್ಳಿಗೆ ತೆಳ್ಳನೆಯ ತಾಮ್ರದ ಹೊದಿಕೆ. ಸ್ಫೋಟಕ ಸಿಡಿದಾಗ ತಾಮ್ರ ನಾಲ್ಕೂ ಕಡೆಯಿಂದ ನಡುವಿನ ಅಕ್ಷದ ಕಡೆಗೆ ಹಿಂಡಲ್ಪಟ್ಟು, ಟೂತ್‌ಪೇಸ್ಟಿನಂತೆ ಮುಂದಕ್ಕೆ ಚಿಮ್ಮುತ್ತದೆ. ಈ ಚಿಲುಮೆಯ ತುದಿಯ ವೇಗ ಸೆಕೆಂಡಿಗೆ 8ರಿಂದ 10 ಕಿ.ಮೀ. ಟೊಳ್ಳಿರುವ ಸ್ಫೋಟಕದ ಈ ಗುಣವನ್ನು ಚಾರ್ಲ್ಸ್ ಮನ್ರೋ 1888ರಲ್ಲಿ ಗಮನಿಸಿದ್ದ. ಕರಗಿದ ತಾಮ್ರ ಉಕ್ಕನ್ನು ಸುಟ್ಟು ತೂತು ಮಾಡುತ್ತದೆ ಎಂಬ ವಿವರಣೆ ಹಲವು ಕಡೆ ಕಾಣುತ್ತದೆ. ತರಗತಿಯಲ್ಲಿ ಹಾಗೆ ಹೇಳಬೇಡಿ. ಸುಡುವುದಕ್ಕೆ ಸಮಯವೇ ಇಲ್ಲ. ಚಿಲುಮೆಯ ಒತ್ತಡದ ಮುಂದೆ ಉಕ್ಕಿನ ಗಟ್ಟಿತನ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ ಘನವಾಗಿದ್ದೂ ಉಕ್ಕು ದ್ರವದಂತೆ ವರ್ತಿಸಿ ಪಕ್ಕಕ್ಕೆ ಸರಿಯುತ್ತದೆ.

ದ್ರವದಂತೆ ಎಂದ ಮೇಲೆ ಬರ್ನೌಲಿಯ ಸಮೀಕರಣ ಬಳಸಬಹುದಲ್ಲ? ಪಿಯುಸಿ ಓದಿದವರು ಹಾಳೆ ತೆಗೆದುಕೊಳ್ಳಿ. ಚಿಲುಮೆಯ ವೇಗ 'ವ', ತೂತಿನ ತಳ ಮುಂದೆ ಸರಿಯುವ ವೇಗ 'ತ', ತಾಮ್ರದ ಸಾಂದ್ರತೆ 'ಸಾ₁', ಉಕ್ಕಿನದು 'ಸಾ₂' ಆಗಿರಲಿ. ತೂತಿನ ತಳದಲ್ಲಿ ಕುಳಿತು ನೋಡಿದರೆ ಒಂದು ಕಡೆಯಿಂದ ತಾಮ್ರ (ವ − ತ) ವೇಗದಲ್ಲಿ, ಇನ್ನೊಂದು ಕಡೆಯಿಂದ ಉಕ್ಕು 'ತ' ವೇಗದಲ್ಲಿ ಬರುತ್ತಿರುವಂತೆ ಕಾಣುತ್ತದೆ. ಎರಡರ ಒತ್ತಡ ಸಮ:

½ × ಸಾ₁ × (ವ − ತ)² = ½ × ಸಾ₂ × ತ²

ಆದ್ದರಿಂದ ತ ÷ (ವ − ತ) = √(ಸಾ₁ ÷ ಸಾ₂). ಚಿಲುಮೆಯ ಉದ್ದ 'ಉ' ಪೂರ್ತಿ ಖರ್ಚಾಗಲು ಬೇಕಾದ ಕಾಲ ಉ ÷ (ವ − ತ). ಇದನ್ನು 'ತ'ದಿಂದ ಗುಣಿಸಿದರೆ ತೂತಿನ ಆಳ:

ಆಳ = ಉ × √(ಸಾ₁ ÷ ಸಾ₂)

ಗಮನಿಸಿ, ವೇಗ ಎಲ್ಲಿಯೋ ಮಾಯವಾಗಿದೆ! ತಾಮ್ರದ ಸಾಂದ್ರತೆ 8.96, ಉಕ್ಕಿನದು 7.85, ವರ್ಗಮೂಲ ಸುಮಾರು 1.07. ಅಂದರೆ ಚಿಲುಮೆ 40 ಸೆಂ.ಮೀ. ಉದ್ದಕ್ಕೆ ಎಳೆದುಕೊಂಡರೆ ಸುಮಾರು 43 ಸೆಂ.ಮೀ. ಉಕ್ಕು ತೂತು. ವೇಗ ತೀರಾ ತಗ್ಗಿದರೆ ಉಕ್ಕಿನ ಗಟ್ಟಿತನ ಮತ್ತೆ ಲೆಕ್ಕಕ್ಕೆ ಬರುವುದರಿಂದ ಈ ಸೂತ್ರ ಒಂದು ಅಂದಾಜು ಅಷ್ಟೆ. ಆದರೂ ಜೀಪು ಪ್ಯಾಟನನ್ನು ಗೆದ್ದದ್ದರ ಹಿಂದಿನ ಭೌತವಿಜ್ಞಾನ ಇದರಲ್ಲಿ ಅಡಗಿದೆ. ಗುಂಡು ಎಷ್ಟು ನಿಧಾನವಾಗಿ ಬಂದರೂ ಸರಿ, ಬಂದು ತಾಕಿದರೆ ಸಾಕು.

ಇದರ ತೂತು ಹೊರಗಿನಿಂದ ನೋಡಿದರೆ ನಿರಾಶೆಯಾಗುವಷ್ಟು ಚಿಕ್ಕದು. ಕಿರುಬೆರಳೋ ಹೆಬ್ಬೆರಳೋ ಹೋಗುವಷ್ಟು.

ತೂತೇ ಆಗದ ಗಾಯ

ಮೂರನೆಯ ಬಗೆ ವಿಚಿತ್ರವಾದದ್ದು. ಮೆತ್ತನೆಯ ಸ್ಫೋಟಕ ತುಂಬಿದ ಗುಂಡು ಕವಚಕ್ಕೆ ತಾಕಿ ಸಗಣಿ ತಟ್ಟಿದಂತೆ ಹರಡಿಕೊಂಡು ಬಳಿಕ ಸಿಡಿಯುತ್ತದೆ. ಹೊರಗೆ ತೂತಿಲ್ಲ. ಆದರೆ ಆಘಾತದ ತರಂಗ ಉಕ್ಕಿನೊಳಗೆ ಸಾಗಿ ಒಳಮೈ ತಲುಪುತ್ತದೆ. ಅಲ್ಲಿ ಮುಂದೆ ಗಾಳಿ. ತರಂಗ ಪ್ರತಿಫಲಿಸಿ ಹಿಂದಿರುಗುವಾಗ ಒತ್ತುವ ತರಂಗ ಎಳೆಯುವ ತರಂಗವಾಗಿ ಬದಲಾಗುತ್ತದೆ. ಒತ್ತಡವನ್ನು ತಾಳಿಕೊಂಡ ಉಕ್ಕು ಎಳೆತಕ್ಕೆ ಸೋತು, ಒಳಮೈಯಿಂದ ಚಕ್ಕೆಯೊಂದು ಕಿತ್ತು ಹಾರುತ್ತದೆ. ಸ್ಕೇಲಿನ ಅಂಚಿನಲ್ಲಿ ಗೋಲಿಗಳನ್ನು ಒತ್ತಾಗಿ ಸಾಲಿಟ್ಟು ಒಂದು ತುದಿಗೆ ಹೊಡೆಯಿರಿ: ನಡುವಿನವು ಅಲ್ಲಾಡುವುದಿಲ್ಲ, ಕೊನೆಯದು ಮಾತ್ರ ಓಡುತ್ತದೆ. ನಮ್ಮ ಅರ್ಜುನ್ ಟ್ಯಾಂಕಿನ 120 ಮಿ.ಮೀ. ತೋಪು ಈ ಬಗೆಯ ಗುಂಡನ್ನೂ ಹಾರಿಸುತ್ತದೆ.

ಈ ಮೂರರಲ್ಲೂ ಸೈನಿಕರನ್ನು ಕೊಲ್ಲುವುದು ಬಹುಮಟ್ಟಿಗೆ ತೂತಲ್ಲ, ಒಳಗೆ ಚದುರುವ ಚೂರುಗಳು ಮತ್ತು ಅನಂತರದ ಬೆಂಕಿ. ಇಂಧನ, ತೈಲ, ಮದ್ದುಗುಂಡು ಎಲ್ಲವೂ ಅವರ ಮಗ್ಗುಲಲ್ಲೇ ಇರುತ್ತವೆ. ರಷ್ಯಾ ಮೂಲದ ಟಿ-72, ಟಿ-90 ಟ್ಯಾಂಕುಗಳಲ್ಲಿ 22 ಗುಂಡುಗಳ ತಿರುಗುವ ತಟ್ಟೆ ಗೋಪುರದ ನೆಲದಡಿಯಲ್ಲೇ ಇದೆ. ಅದರ ಮದ್ದಿಗೆ ಬೆಂಕಿ ತಗುಲಿದರೆ? ಗೋಪುರ ಕೂರುವ ಬಳೆಯ ವ್ಯಾಸ 2 ಮೀಟರ್ ಎಂದು ಹಿಡಿಯಿರಿ, ವಿಸ್ತೀರ್ಣ 3.14 ಚದರ ಮೀಟರ್. ಒಳಗಿನ ಒತ್ತಡ ಹೊರಗಿಗಿಂತ ಬರೀ ಒಂದು ವಾಯುಮಂಡಲದಷ್ಟು ಹೆಚ್ಚಾದರೂ ಮೇಲ್ಮುಖ ಬಲ 32 ಟನ್ ಭಾರಕ್ಕೆ ಸಮ. ಉರಿಯುವ ಮದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಒತ್ತಡವನ್ನು ಉಂಟುಮಾಡುತ್ತದೆ. 2022ರಿಂದ ಉಕ್ರೇನಿನಿಂದ ಬಂದ ಚಿತ್ರಗಳಲ್ಲಿ ಗೋಪುರಗಳು ಒಡಲಿನಿಂದ ಹಾರಿ ದೂರ ಬಿದ್ದಿರುವುದು ಇದೇ ಕಾರಣಕ್ಕೆ. ಅಮೆರಿಕದ ಅಬ್ರಾಮ್ಸ್‌ನಲ್ಲಿ ಹೆಚ್ಚಿನ ಗುಂಡುಗಳು ಗೋಪುರದ ಹಿಂದೆ ಪ್ರತ್ಯೇಕ ಗೂಡಿನಲ್ಲಿರುತ್ತವೆ. ಗೂಡಿನ ಛಾವಣಿಯನ್ನು ಬೇಕೆಂದೇ ದುರ್ಬಲವಾಗಿ ಮಾಡಿರುತ್ತಾರೆ. ಕುಕ್ಕರಿನ ಸೇಫ್ಟಿ ವಾಲ್ವಿನಂತೆ ಅದು ಮೊದಲು ಹಾರಿಹೋಗಿ ಜ್ವಾಲೆ ಮೇಲಕ್ಕೆ ಹೋಗುತ್ತದೆ. ಟಿ-72 ಮತ್ತು ಟಿ-90 ನಮ್ಮ ಸೇನೆಯ ಬೆನ್ನೆಲುಬಾಗಿರುವ ಟ್ಯಾಂಕುಗಳು ಎಂಬುದನ್ನು ನೆನೆದರೆ ಇದು ಬೇರೆಯವರ ಸಮಸ್ಯೆಯೆಂದು ಪುಟ ತಿರುಗಿಸಲಾಗದು.

ಕವಚ ತಯಾರಕರೂ ಸುಮ್ಮನೆ ಕುಳಿತಿಲ್ಲ. ಹೈದರಾಬಾದಿನ ರಕ್ಷಣಾ ಲೋಹವಿಜ್ಞಾನ ಪ್ರಯೋಗಾಲಯ ರೂಪಿಸಿದ 'ಕಾಂಚನ್' ಕವಚ ಪದರಪದರವಾದ ಸಂಯುಕ್ತ ಕವಚ. ಪ್ರಯೋಗಾಲಯವಿರುವ ಕಾಂಚನ್‌ಬಾಗ್‌ನಿಂದ ಅದಕ್ಕೆ ಆ ಹೆಸರು. ಟಿ-72ರ ಮೈಮೇಲೆ ಇಟ್ಟಿಗೆಗಳಂತೆ ಅಂಟಿಕೊಂಡಿರುವ ಪೆಟ್ಟಿಗೆಗಳಲ್ಲಿ ಎರಡು ಲೋಹದ ಹಾಳೆಗಳ ನಡುವೆ ಸ್ಫೋಟಕವಿರುತ್ತದೆ. ತಾಮ್ರದ ಚಿಲುಮೆ ತಾಕಿದೊಡನೆ ಅದು ಸಿಡಿದು, ಹಾರುವ ಹಾಳೆಗಳು ಚಿಲುಮೆಯನ್ನು ಅಡ್ಡಡ್ಡ ಕತ್ತರಿಸುತ್ತವೆ. ಮೇಲಿನ ಸೂತ್ರದಲ್ಲಿ 'ಉ' ಕಡಿಮೆಯಾಯಿತೆಂದರೆ ಆಳವೂ ಕಡಿಮೆ.

ಹೆಸರಿಡುವ ಪದ್ಧತಿ

ಈಗ ಬಣ್ಣದ ಡಬ್ಬಿಯ ಕಡೆ ಬರೋಣ. ಟ್ಯಾಂಕಿಗೆ ಹೆಸರಿಡುವುದು ಟ್ಯಾಂಕಿನಷ್ಟೇ ಹಳೆಯ ಪದ್ಧತಿ. ಬ್ರಿಟಿಷ್ ತುಕಡಿಗಳಲ್ಲಿ ಯಾವ ಕಂಪನಿಯೋ ಆ ಅಕ್ಷರದಿಂದ ಹೆಸರು ಶುರುವಾಗಬೇಕು. 'ಡಿ' ತುಕಡಿಯ ಟ್ಯಾಂಕಾದ್ದರಿಂದ 'ಡೆಬೊರಾ'. 1917ರ ನವೆಂಬರ್ 20ರಂದು ಫ್ರಾನ್ಸಿನ ಕಾಂಬ್ರೆ ಕಾಳಗದಲ್ಲಿ ಫಿರಂಗಿಯ ಪೆಟ್ಟು ತಿಂದು ನಿಂತ ಡೆಬೊರಾವನ್ನು ಆಮೇಲೆ ಫ್ಲೆಸ್ಕಿಯೇರ್ ಹಳ್ಳಿಯಲ್ಲಿ ಹೂತುಬಿಡಲಾಗಿತ್ತು. 1998ರಲ್ಲಿ ಅಗೆದು ತೆಗೆದಾಗ ಉಕ್ಕಿನ ಬಾಯಿ ಇನ್ನೂ ತೆರೆದೇ ಇತ್ತು. ಒಳಗಿದ್ದ ಎಂಟು ಮಂದಿಯಲ್ಲಿ ಐವರು ಸತ್ತಿದ್ದರು. ಇಂದು ಅದು ಅದೇ ಹಳ್ಳಿಯ ಸಂಗ್ರಹಾಲಯದಲ್ಲಿದೆ.

2003ರ ಏಪ್ರಿಲ್ 5ರಂದು ಬಾಗ್ದಾದಿಗೆ ನುಗ್ಗಿದ ಅಮೆರಿಕದ 'ಚಾರ್ಲಿ' ಕಂಪನಿಯ ಅಬ್ರಾಮ್ಸ್ ಒಂದರ ನಳಿಕೆಯ ಮೇಲೂ 'ಸಿ' ಅಕ್ಷರದ ಹೆಸರಿತ್ತು. ಪೋಲಿ ಹುಡುಗರ ಸ್ಪ್ಯಾನಿಷ್ ಪದ, ಶಾಲೆಗೆ ಹೋಗುವ ಈ ಪತ್ರಿಕೆಯಲ್ಲಿ ಅನುವಾದಿಸುವಂಥದ್ದಲ್ಲ. ಹಿಂಭಾಗದಲ್ಲಿ ಬಿದ್ದ ಪೆಟ್ಟಿನಿಂದ ಎಂಜಿನ್ ಕಡೆಗೆ ಹತ್ತಿದ ಬೆಂಕಿ ಆರಲೇ ಇಲ್ಲ. ಒಳಗಿದ್ದವರು ಹೊರಬಂದು ಬದುಕಿದರು. ಟ್ಯಾಂಕ್ ವೈರಿಯ ಕೈಗೆ ಸಿಗಬಾರದೆಂದು ಅವರ ಸೇನೆಯೇ ಅದನ್ನು ಹೊಡೆದು ಹಾಳುಗೆಡವಬೇಕಾಯಿತು. ಟ್ಯಾಂಕ್ ಚಲಿಸಲಾರದಂತಾಗುವುದು ಬೇರೆ, ತೋಪು ಹಾರಿಸಲಾರದಂತಾಗುವುದು ಬೇರೆ, ಪೂರ್ತಿ ನಾಶವಾಗುವುದು ಬೇರೆ. ಎಂಜಿನಿಯರುಗಳು ಈ ಮೂರನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ.

ಈ ವಿಂಗಡಣೆಯ ಅರ್ಥ ನಮಗೆ ತಿಳಿಯುವುದು 'ಫಾಮಾಗುಸ್ತಾ'ದಿಂದ. ಸೈಪ್ರಸ್ಸಿನ ಬಂದರೊಂದರ ಈ ಹೆಸರನ್ನು ಹೊತ್ತದ್ದು ಪೂನಾ ಹಾರ್ಸ್ ರೆಜಿಮೆಂಟಿನ ಒಂದು ಸೆಂಚೂರಿಯನ್ ಟ್ಯಾಂಕ್. 1971ರ ಡಿಸೆಂಬರ್ 16ರಂದು ಶಕರ್‌ಗಢ ಪ್ರದೇಶದ ಬಸಂತರ್ ಕಾಳಗದಲ್ಲಿ ಅದರಲ್ಲಿದ್ದವರು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್, ತೋಪುಗಾರ ನಾಥು ಸಿಂಗ್, ಚಾಲಕ ಪ್ರಯಾಗ್ ಸಿಂಗ್ ಮತ್ತು ರೇಡಿಯೊ ನೋಡಿಕೊಳ್ಳುತ್ತಿದ್ದ ನಂದ್ ಸಿಂಗ್. ಟ್ಯಾಂಕಿಗೆ ಪೆಟ್ಟು ಬಿದ್ದು ಬೆಂಕಿ ಹತ್ತಿತು. ಹೊರಬರುವಂತೆ ರೇಡಿಯೊದಲ್ಲಿ ಆಜ್ಞೆಯಾಯಿತು. ತೋಪು ಇನ್ನೂ ಕೆಲಸ ಮಾಡುತ್ತಿದೆ, ಬಿಟ್ಟು ಬರಲಾರೆ ಎಂಬರ್ಥದ ಉತ್ತರ ಕೊಟ್ಟು ಖೇತರ್‌ಪಾಲ್ ಹೋರಾಟ ಮುಂದುವರಿಸಿದರು. ಅನಂತರದ ಪೆಟ್ಟಿಗೆ ಅವರು ಬಲಿಯಾದರು, ವಯಸ್ಸು 21. ಆ ದಿನ ನಂದ್ ಸಿಂಗ್ ಕೂಡ ತೀರಿಕೊಂಡರು, ಉಳಿದಿಬ್ಬರು ಸೆರೆಸಿಕ್ಕರು. ಪರಮವೀರ ಚಕ್ರದ ಕಥೆಯಲ್ಲಿ ಒಂದೇ ಹೆಸರು ನೆನಪುಳಿಯುವುದು ಸಹಜ, ಆದರೆ ಟ್ಯಾಂಕ್ ಒಬ್ಬನ ಯಂತ್ರವಲ್ಲ. ಪಾಕಿಸ್ತಾನದ ವಶಕ್ಕೆ ಹೋಗಿದ್ದ ಫಾಮಾಗುಸ್ತಾ ಹಿಂದಿರುಗಿ ಬಂದು, 2024ರಲ್ಲಿ ಅಹಿಲ್ಯಾನಗರವೆಂದು ಹೆಸರು ಬದಲಾದ ಅಹ್ಮದ್‌ನಗರದ ಸೇನಾ ತರಬೇತಿ ಕೇಂದ್ರದಲ್ಲಿ ಉಳಿದಿದೆ.

ಹೆಸರಷ್ಟೇ ಅಲ್ಲ. ಹೊಡೆದುರುಳಿಸಿದ ಟ್ಯಾಂಕುಗಳ ಲೆಕ್ಕಕ್ಕೆ ನಳಿಕೆಯ ಸುತ್ತ ಬಳೆ ಬರೆಯುವುದು ಎರಡನೆಯ ಮಹಾಯುದ್ಧದ ರೂಢಿ. ಗೋಪುರದೊಳಗೆ ಮನೆಯವರ ಫೋಟೊ, ದೇವರ ಪಟ ಎಲ್ಲ ದೇಶದಲ್ಲೂ ಉಂಟು. ನಮ್ಮಲ್ಲಿ ದಸರೆಯ ಶಸ್ತ್ರಪೂಜೆಯಂದು ಟ್ಯಾಂಕಿಗೂ ಕುಂಕುಮ, ಚೆಂಡುಹೂವಿನ ಹಾರ. ಅರೆಕೆರೆಯ ಗ್ಯಾರೇಜಿನಲ್ಲಿ ಲೇತಿಗೂ ಕಂಪ್ರೆಸರಿಗೂ ನಡೆಯುವ ಆಯುಧಪೂಜೆಯನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಕೈಯಾರೆ ಕಟ್ಟಿಕೊಂಡ ಕವಚ

ಕೆಲವು ಅಲಂಕಾರಗಳು ಪ್ರಾಣಭಯದಿಂದ ಹುಟ್ಟಿದವು. ಶರ್ಮನ್ ಟ್ಯಾಂಕಿನ ಸೈನಿಕರು ಮುಂಭಾಗಕ್ಕೆ ಮರಳಿನ ಚೀಲ, ಮರದ ದಿಮ್ಮಿ, ಬಿಡಿ ಪಟ್ಟಿಯ ಕೊಂಡಿಗಳನ್ನು ಕಟ್ಟಿಕೊಂಡರು. ಇದರಿಂದ ಧೈರ್ಯ ಬಂತು, ಭಾರವೂ ಬಂತು. ಎಂಜಿನ್ನು, ಚಕ್ರಗಳ ಸ್ಪ್ರಿಂಗು ಬೇಗ ಸವೆದವು. ಉಕ್ರೇನ್ ಯುದ್ಧದಲ್ಲಿ ಗೋಪುರದ ಮೇಲೆ ಬೆಸುಗೆ ಹಾಕಿದ ಕಬ್ಬಿಣದ ಪಂಜರಗಳದ್ದೂ ಇದೇ ಕಥೆ. ಭುಜದಿಂದ ಹಾರಿಸುವ ರಾಕೆಟ್ ಪಂಜರದ ಸರಳುಗಳ ನಡುವೆ ಸಿಕ್ಕಿಕೊಂಡರೆ ಅದರ ಮೂತಿ ಜಜ್ಜಿಹೋಗಿ ಸಿಡಿಯದೆ ಉಳಿಯುವ ಸಂಭವವುಂಟು. ಆದರೆ ಸಿಡಿದೇಬಿಟ್ಟರೆ, ಆ ಸ್ವಲ್ಪ ದೂರ ಕೆಲವು ಗುಂಡುಗಳ ತಾಮ್ರದ ಚಿಲುಮೆಗೆ ಚೆನ್ನಾಗಿ ಎಳೆದುಕೊಳ್ಳಲು ಅನುಕೂಲವನ್ನೇ ಮಾಡೀತು. ಡ್ರೋನ್‌ಗಳು ಬಂದ ಮೇಲೆ ತೆಳ್ಳಗಿರುವ ಛಾವಣಿಯೇ ಗುರಿಯಾಗಿದ್ದರಿಂದ, ಗ್ಯಾರೇಜು ಶೆಡ್ಡಿನಂಥ ಹೊದಿಕೆಯಡಿ ಇಡೀ ಟ್ಯಾಂಕ್ ಅಡಗಿದ್ದನ್ನೂ 2024ರಲ್ಲಿ ಜಗತ್ತು ನೋಡಿತು. ಗೋಪುರ ತಿರುಗದಿದ್ದರೂ ಚಿಂತೆಯಿಲ್ಲ, ತಲೆ ಉಳಿದರೆ ಸಾಕು ಎಂಬ ಲೆಕ್ಕ.

ಪೆಟ್ಟು ತಿಂದ ಟ್ಯಾಂಕನ್ನು ರಣರಂಗದಿಂದ ಎಳೆತರಲು ಕ್ರೇನು, ಹಗ್ಗದ ರಾಟೆಗಳಿರುವ ಬೇರೆಯೇ ಕವಚದ ವಾಹನ ಬೇಕು. ಪೋಲೆಂಡಿನ ತಂತ್ರಜ್ಞಾನ ಪಡೆದು ಇದನ್ನು ನಮ್ಮ ಸೇನೆಗೆ ತಯಾರಿಸಿದ್ದು ಬೆಂಗಳೂರಿನ ಬಿಇಎಂಎಲ್. ತೂತಿಗೆ ಉಕ್ಕಿನ ಬಿರಡೆ ಕೂರಿಸಿ ಬೆಸುಗೆ ಹಾಕಬಹುದು. ಆದರೆ ಬೆಸುಗೆಯ ಕಾವಿಗೆ ಸುತ್ತಲಿನ ಉಕ್ಕಿನ ಹದ ಕೆಡುತ್ತದೆ. ಅಮೆರಿಕದ ಸೇನೆಯಲ್ಲಿ ಶರ್ಮನ್ ದುರಸ್ತಿಯ ಹೊಣೆ ಹೊತ್ತಿದ್ದ ಬೆಲ್ಟನ್ ಕೂಪರ್ ತಮ್ಮ ನೆನಪುಗಳಲ್ಲಿ ಇನ್ನೊಂದು ಕೆಲಸವನ್ನು ದಾಖಲಿಸಿದ್ದಾರೆ. ತೂತು ಮುಚ್ಚಿದ ಮೇಲೆ ಒಳಭಾಗವನ್ನು ತೊಳೆದು ಪೂರ್ತಿ ಹೊಸ ಬಣ್ಣ ಬಳಿಯುತ್ತಿದ್ದರಂತೆ. ಹಾಗೆ ಮಾಡದಿದ್ದರೆ ಒಳಗಿನ ವಾಸನೆಗೆ ಹೊಸ ತಂಡದವರು ಆ ಟ್ಯಾಂಕನ್ನು ಹತ್ತಲು ಒಪ್ಪುತ್ತಿರಲಿಲ್ಲ.

ಶಿಕ್ಷಕರೇ, ಪ್ರವಾಸಕ್ಕೆ ಮಡಿಕೇರಿಗೆ ಹೋಗುವುದಾದರೆ ರಾಜಾಸೀಟಿಗೆ ಹೋಗುವ ಮುನ್ನ ಒಂದು ಗಂಟೆ ಸನ್ನಿ ಸೈಡಿಗೆ ಇಡಿ. ಮಕ್ಕಳ ಬಳಿ ಕೋನಮಾಪಕ, ದಾರ, ಸಣ್ಣ ಕಲ್ಲು ಇರಲಿ. ದಾರಕ್ಕೆ ಕಲ್ಲು ಕಟ್ಟಿ ತೂಗುಗುಂಡು ಮಾಡಿ, ಮುಂಫಲಕದ ಓರೆಯನ್ನು ಅಳೆಯಲಿ. 60ರ ಸಮೀಪ ಬರಬೇಕು. ಪಕ್ಕದ ಗೋಡೆಯ ಓರೆಯನ್ನೂ ಅಳೆಯಲು ಹೇಳಿ, ಹೆಚ್ಚುಕಡಿಮೆ ಸೊನ್ನೆ ಬರುತ್ತದೆ. ಟ್ಯಾಂಕ್ ಯಾವ ದಿಕ್ಕಿನಿಂದ ಪೆಟ್ಟನ್ನು ನಿರೀಕ್ಷಿಸಿತ್ತು ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಅನಂತರ ಚಾಲಕ ಒಳಗಿಳಿಯುವ ಮುಚ್ಚಳದ ಅಗಲವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಲಿ, ಬೆಂಕಿ ಹತ್ತಿದಾಗ ಅಲ್ಲಿಂದ ಹೊರಬರಲು ಎಷ್ಟು ಸೆಕೆಂಡು ಬೇಕಾದೀತೆಂದು ಲೆಕ್ಕ ಹಾಕಲಿ.